ಕೃಷ್ಣೆಯ ಸೇತುವೆಗೆ ನೆರಳೂ ಬೇಕು

ಹೈದರಾಬಾದಿನಲ್ಲಿ ನೆಲೆಸಿರುವ ರಾಯಚೂರಿನವನಾದ ನನಗೆ ಎರಡು ಸೇತುವೆಗಳ ರಾತ್ರಿಚಿತ್ರ ತೆಗೆಯುವ ಗೀಳಿದೆ: ಒಂದು, 2020ರಲ್ಲಿ ಸಂಚಾರಕ್ಕೆ ತೆರೆದ, ಹೈದರಾಬಾದಿನ ದುರ್ಗಂ ಚೆರುವು ಕೆರೆಯ ಕೇಬಲ್ ಸೇತುವೆ, ಇನ್ನೊಂದು, ನಿಜಾಮರ ಆಡಳಿತದಲ್ಲಿ ಕಟ್ಟಿ 1943ರಲ್ಲಿ ಮುಗಿಸಿದ, ರಾಯಚೂರು ಜಿಲ್ಲೆಯ ದೇವಸೂಗೂರು ಬಳಿಯ ಕೃಷ್ಣಾ ನದಿಯ ಕಮಾನು ಸೇತುವೆ. ನೋಡಿದವರ ಮೆಚ್ಚುಗೆಯೆಲ್ಲ ಮೊದಲನೆಯದಕ್ಕೆ. ನನ್ನ ಒಲವು ಎರಡನೆಯದಕ್ಕೆ.

ದುರ್ಗಂ ಚೆರುವಿನಲ್ಲಿ ಛಾಯಾಗ್ರಾಹಕನ ಕೆಲಸವನ್ನು ದೀಪಗಳೇ ಮಾಡಿ ಮುಗಿಸಿರುತ್ತವೆ. ಕೇಬಲ್‌ಗಳ ಎಲ್‌ಇಡಿ ಬಣ್ಣ ಬದಲಾಗುತ್ತಲೇ ಇರುವುದರಿಂದ ಕ್ಯಾಮೆರಾದೊಳಗೆ ಬೆಳಕು ಬಿಡುವ ಶಟರನ್ನು ಹೆಚ್ಚು ಹೊತ್ತು ತೆರೆದಿಟ್ಟರೆ ನೇರಳೆ, ಹಸಿರು, ನೀಲಿಗಳು ಕಲಸಿಹೋಗಿ ಬಿಳಿಚಿಕೊಳ್ಳುತ್ತವೆ. ಸುತ್ತಲಿನ ಕಟ್ಟಡಗಳ ಬೆಳಕೂ ಸೇರಿದರೆ ನೆರಳಿಗೆ ಜಾಗವೇ ಉಳಿಯುವುದಿಲ್ಲ. ಅಲ್ಲಿ ನಿಂತವರೆಲ್ಲರ ಮೊಬೈಲಿನಲ್ಲೂ ಹೆಚ್ಚುಕಡಿಮೆ ಅದೇ ಚಿತ್ರ.

ದೇವಸೂಗೂರಿನಲ್ಲಿ ಸೂರ್ಯ ಮುಳುಗಿದ ಅರ್ಧ ಗಂಟೆಯೊಳಗೆ, ಆಕಾಶದಲ್ಲಿ ಇನ್ನೂ ನೀಲಿ ಇರುವಾಗಲೇ, ದಡದ ಎತ್ತರದಲ್ಲಿ ಟ್ರೈಪಾಡ್ ಊರಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 100, ಅಪರ್ಚರ್ (ಲೆನ್ಸಿನ ಬೆಳಕಿಂಡಿ) ಎಫ್/8 ಇಟ್ಟು, ಬೆಳಕು ನೋಡಿಕೊಂಡು 15 ಸೆಕೆಂಡಿನಷ್ಟು ಶಟರ್ ತೆರೆದರೆ, ಕಮಾನುಗಳು ಕಪ್ಪಗೆ ಎದ್ದು ನಿಲ್ಲುತ್ತವೆ; ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ದೀಪಗಳು ನೀರಿನ ಮೇಲೆ ಉದ್ದುದ್ದ ಪಟ್ಟಿಗಳಾಗುತ್ತವೆ. ಸೇತುವೆಯ ಮೇಲೆಯೇ ಟ್ರೈಪಾಡ್ ಇಡುವುದು ವ್ಯರ್ಥ, ಏಕೆಂದರೆ ಭಾರದ ವಾಹನ ಹಾದಾಗ ನೆಲ ಅದುರಿ ಚಿತ್ರ ಅಲುಗುತ್ತದೆ. ಹಾಗೆಂದು ನೀರಿನಂಚಿಗೆ ಇಳಿಯುವುದೂ ಸಲ್ಲದು. ಕೃಷ್ಣೆಯ ಈ ಭಾಗದಲ್ಲಿ ಮೊಸಳೆಗಳಿವೆ.

ಇಂಥಲ್ಲಿ ಮೊಬೈಲಿನ ನೈಟ್ ಮೋಡ್ ಬಳಸುವುದಕ್ಕೆ ನನ್ನ ತಕರಾರಿದೆ. ಅದು ಒಂದರ ಹಿಂದೊಂದು ತೆಗೆದ ಹಲವು ಫ್ರೇಮುಗಳನ್ನು ಒಂದುಗೂಡಿಸಿ ಕತ್ತಲ ಭಾಗಗಳನ್ನು ಬೆಳಗಿಸಿಬಿಡುತ್ತದೆ. ಊರಿನ ಗೆಳೆಯರು ಹೆಮ್ಮೆಯಿಂದ ಕಳಿಸುವ ಚಿತ್ರಗಳಲ್ಲಿ ಕಮಾನಿನ ಒಳಮೈಯೂ ಬೂದು, ಆಕಾಶವೂ ಬೂದು. ದೀಪದ ಸುತ್ತಲಿನ ಬೆಳಕು ವಿವರವಿಲ್ಲದ ಬರೀ ಬಿಳಿಯಾಗದಂತೆ ಎಕ್ಸ್‌ಪೋಷರ್ (ಒಳಗೆ ಬಿಡುವ ಬೆಳಕಿನ ಪ್ರಮಾಣ) ಹೊಂದಿಸಿ, ಕತ್ತಲನ್ನು ಕತ್ತಲಾಗಿಯೇ ಬಿಟ್ಟಾಗ ಮಾತ್ರ ಕಲ್ಲಿನ ಗಾತ್ರ ಕಣ್ಣಿಗೆ ತಿಳಿಯುತ್ತದೆ.

ಹಳೆಯ ಕಟ್ಟಡಗಳಿಗೆ ದೀಪಾಲಂಕಾರ ಮಾಡುವುದು ಈಗ ರೂಢಿಯಾಗಿದೆ. ನಮ್ಮ ಸೇತುವೆಗೂ ಆ ದಿನ ಬಂದರೆ, ಎದುರಿನಿಂದ ಫ್ಲಡ್‌ಲೈಟ್ ಬಿಟ್ಟು ಕಲ್ಲನ್ನೆಲ್ಲ ಚಪ್ಪಟೆ ಮಾಡದೆ, ಒಂದು ಪಕ್ಕದಿಂದ, ತಗ್ಗಿನಲ್ಲಿ, ಒಂದೇ ಬಣ್ಣದ ದೀಪಗಳನ್ನು ಹಾಕಬೇಕು; ಕಮಾನುಗಳ ಒಳಭಾಗಕ್ಕೆ ದೀಪವೇ ಬೇಡ.