ಇನ್‌ವರ್ಡ್ ರಿಜಿಸ್ಟರಿನಲ್ಲಿ ನನ್ನ ಅಕ್ಷರ

ನಿನ್ನೆ ಕಾಲೇಜಿನ ಗೆಳೆಯನೊಬ್ಬ ಎಷ್ಟೋ ವರ್ಷದ ಮೇಲೆ ಫೋನ್ ಮಾಡಿದ್ದ. ಈಗೇನು ಮಾಡ್ತಿದ್ದೀಯ ಅಂದ. ಆಫೀಸೊಂದರಲ್ಲಿ ಟಪಾಲು ನೋಡ್ಕೋತೀನಿ, ಬಂದ ಪತ್ರಕ್ಕೆ ನಂಬರ್ ಹಾಕಿ ಆಯಾ ಸೆಕ್ಷನ್‌ಗೆ ಕಳಿಸೋದು ಅಂದೆ. "ನಿನ್ನಂಥವನು ಇಂಥ ಕೆಲಸದಲ್ಲಿ ಇರಬೇಕೇನೋ?" ಅಂದ. ಮನಸ್ಸಿನಲ್ಲಿ ಕೆಟ್ಟದ್ದಿಟ್ಟುಕೊಂಡು ಆಡಿದ ಮಾತಲ್ಲ, ಗೊತ್ತು. ಆದರೂ ರಾತ್ರಿಯೆಲ್ಲ ಕೊರೆಯಿತು.

ನಾನು ಕುಡಿತ ಬಿಟ್ಟು 14 ತಿಂಗಳಾಯಿತು.

ಮೊದಲಿದ್ದ ಕೆಲಸ ದೊಡ್ಡದೇ. ಕೈಕೆಳಗೆ ಜನರಿದ್ದರು. ಆದರೆ ಬೆಳಿಗ್ಗೆ ಸಹಿ ಹಾಕಲು ಪೆನ್ನು ಹಿಡಿದರೆ ಕೈ ನಡುಗುತ್ತಿತ್ತು. ಫೈಲುಗಳನ್ನೆಲ್ಲ ಮಧ್ಯಾಹ್ನಕ್ಕೆ ತಳ್ಳುತ್ತಿದ್ದೆ. ಅಷ್ಟರಲ್ಲಿ ಹೊರಗೆ ಹೋಗಿ ಕುಡಿದು ಬಂದಿರುತ್ತಿದ್ದೆ. ಕುಡಿತಕ್ಕೆ ಒಗ್ಗಿಹೋದ ಮೈಗೆ ಕೊನೆಯ ಗುಟುಕಾದ 6ರಿಂದ 24 ಗಂಟೆಯೊಳಗೆ ಈ ನಡುಕ ಶುರುವಾಗುತ್ತದೆ ಎಂದು ಡಾಕ್ಟರ್ ಆಮೇಲೆ ಬಿಡಿಸಿ ಹೇಳಿದರು. ಕೆಲವರಿಗೆ ಫಿಟ್ಸ್ ಬರುತ್ತದೆ, ಎರಡು ಮೂರನೇ ದಿನಕ್ಕೆ ಸನ್ನಿ ಹಿಡಿದು ಜೀವಕ್ಕೇ ಅಪಾಯವಾಗಬಹುದು. ಇದನ್ನು ಓದುತ್ತಿರುವ ಯಾರಾದರೂ ನಾಳೆಯಿಂದ ಒಂದೇ ಏಟಿಗೆ ನಿಲ್ಲಿಸಿಬಿಡ್ತೀನಿ ಅಂದುಕೊಂಡಿದ್ದರೆ, ದಯವಿಟ್ಟು ಮೊದಲು ಡಾಕ್ಟರನ್ನು ಕಾಣಿ.

ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟವಾದ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಮೀಟಿಂಗಿನಲ್ಲಿ ಡಾ. ಬಾಬ್ ಅವರ ಕತೆ ಕೇಳಿದಾಗ ನನ್ನ ಕಣ್ಣು ತುಂಬಿ ಬಂದಿತ್ತು. ಆ ಕೂಟ ಕಟ್ಟಿದ ಇಬ್ಬರಲ್ಲಿ ಒಬ್ಬರು ಅವರು. ವೃತ್ತಿಯಲ್ಲಿ ಸರ್ಜನ್. ಅವತ್ತೊಂದು ಆಪರೇಷನ್ ಇತ್ತು, ಕೈ ನಡುಗಬಾರದೆಂದು ಒಂದು ಬಿಯರ್ ಕುಡಿದರು. ಅದೇ ಕೊನೆ. ಆ ದಿನವನ್ನೇ, 1935ರ ಜೂನ್ 10ನ್ನು, ಕೂಟದ ಹುಟ್ಟಿದ ದಿನವೆಂದು ಎಣಿಸುತ್ತಾರೆ. ಸರ್ಜನ್ನನ ಕೈಯೆಲ್ಲಿ, ನನ್ನ ಕೈಯೆಲ್ಲಿ! ಆದರೆ ಆ ನಡುಕದ ನಾಚಿಕೆ ಒಂದೇ.

ಈಗಿನ ಕೆಲಸಕ್ಕೆ ಸೇರಿದ ದಿನ ರಿಜಿಸ್ಟರಿನಲ್ಲಿ ಬರೆದ ಪುಟವನ್ನು ಆಗಾಗ ತೆರೆದು ನೋಡುತ್ತೇನೆ. ನಂಬರ್, ತಾರೀಖು, ಯಾರಿಂದ, ವಿಷಯ, ಯಾವ ಸೆಕ್ಷನ್. ಅಕ್ಷರಗಳು ಗೆರೆ ಬಿಟ್ಟು ಮೇಲೇರಿವೆ, ಒಂದು 8 ಮೂರು ಸಲ ತಿದ್ದಿದ್ದಕ್ಕೆ ಕಾಗದ ಹರಿದಿದೆ. ನಡುಕ ನಿಂತಿದ್ದರೂ ಅದರ ಭಯ ಇನ್ನೂ ಕೈಯಲ್ಲೇ ಇತ್ತು. ಪುಟ ತಿರುವುತ್ತಾ ಬಂದಂತೆ ಸಾಲು ಕೆಳಗಿಳಿದು ಗೆರೆಯ ಮೇಲೆ ಕೂತಿದೆ. ಇದು ನನಗೆ ಸಿಕ್ಕ ಯಾವ ಪ್ರಮೋಷನ್ನಿಗಿಂತಲೂ ದೊಡ್ಡದು.

ಕೆಲಸವೇ ಚಟ ಬಿಡಿಸುತ್ತದೆ ಎಂದು ನಾನು ಹೇಳುವುದಿಲ್ಲ. ನನ್ನನ್ನು ಉಳಿಸಿದ್ದು ಚಿಕಿತ್ಸೆ, ಮೀಟಿಂಗು, ಬಿಟ್ಟುಹೋಗದ ಹೆಂಡತಿ. ಆದರೆ ಬಿಟ್ಟ ಮೇಲೆ ಎದುರಾಗುವ ಖಾಲಿ ಹೊತ್ತು ಇದೆಯಲ್ಲ, ಅದನ್ನು ಅನುಭವಿಸಿದವರಿಗೇ ಗೊತ್ತು. ಹತ್ತು ಗಂಟೆಗೆ ನಾನು ಬರದಿದ್ದರೆ ಯಾಕೆ ಬಂದಿಲ್ಲ ಎಂದು ಕೇಳುವವರಿದ್ದಾರೆ ಅನ್ನುವುದೇ ಎಷ್ಟೋ ದಿನ ನನ್ನನ್ನು ಹಾಸಿಗೆಯಿಂದ ಎಬ್ಬಿಸಿದೆ. ಕಳೆದ ತಿಂಗಳು ರಜೆ ಹೋಗುವಾಗ ಮೇಡಂ ಬೀರುವಿನ ಕೀಲಿ ನನ್ನ ಕೈಗೆ ಕೊಟ್ಟು ಹೋದರು. ನನ್ನ ಮನೆಯಲ್ಲೇ ನನ್ನಿಂದ ದುಡ್ಡು ಬಚ್ಚಿಡುತ್ತಿದ್ದ ಕಾಲವಿತ್ತು.

ಮೊನ್ನೆ ಒಬ್ಬ ಹಿರಿಯರು ಬಂದಿದ್ದರು. ಎರಡು ತಿಂಗಳ ಹಿಂದೆ ಕೊಟ್ಟ ಅರ್ಜಿ ಎಲ್ಲಿದೆ ಎಂದು ಯಾರೂ ಹೇಳುತ್ತಿಲ್ಲ ಅಂದರು. ರಿಜಿಸ್ಟರ್ ತೆಗೆದೆ, ನಂಬರ್, ಹೋದ ಸೆಕ್ಷನ್, ತೆಗೆದುಕೊಂಡವರ ಸಹಿ ಎಲ್ಲ ಇತ್ತು. ಚೀಟಿಯಲ್ಲಿ ಬರೆದುಕೊಟ್ಟೆ. ಅದನ್ನು ಕಣ್ಣ ಹತ್ತಿರ ಹಿಡಿದು ಓದಿ, "ಅಕ್ಷರ ಚೆನ್ನಾಗಿದೆ" ಅಂದರು.

ಗೆಳೆಯಾ, ಮುಂದಿನ ಸಲ ಫೋನ್ ಮಾಡಿದಾಗ ಇವತ್ತು ಎಷ್ಟು ಟಪಾಲು ಬಂತು ಅಂತ ಕೇಳು. ಹೇಳ್ತೀನಿ.