ಕತ್ತಲಾಯಿತು

ಭಾನುವಾರ ಸೀಲಿಂಗ್ ಫ್ಯಾನ್ ಒರೆಸಿದೆ. ಒಂದೇ ಒಂದು. ಸೋಮವಾರ ಬೆಳಿಗ್ಗೆ ಬಾಚಣಿಗೆ ಹಿಡಿದರೆ ಬಲಗೈ ಕಿವಿ ತನಕ ಬಂದು ನಿಂತುಬಿಟ್ಟಿತು. ಎಡಗೈಯಲ್ಲೇ ಬಾಚಿಕೊಂಡೆ, ಬೈತಲೆ ಹಾವು ಹರಿದ ಹಾಗೆ ಬಂತು. ಇವಳು ನೋಡಿ ನಕ್ಕಳು. "ಒಂದು ಫ್ಯಾನಿಗೆ ಇಷ್ಟಾ?" ಅಂದಳು.

ನನಗೆ ನೆನಪಾದದ್ದು ಬೇಸ್‌ಬಾಲ್ ಆಟಗಾರ ಲಿಯಾನ್ ಕ್ಯಾಡೋರ್. ಅವನಿಗೂ ಮೂರು ದಿನ ತಲೆ ಬಾಚೋಕೆ ಕೈ ಎತ್ತಲಾಗಲಿಲ್ಲವಂತೆ. ಅವನು ಒರೆಸಿದ್ದು ಫ್ಯಾನ್ ಅಲ್ಲ, ನಿಜ. 1920ರ ಮೇ 1, ಶನಿವಾರ, ಬಾಸ್ಟನ್ನಿನ ಬ್ರೇವ್ಸ್ ಫೀಲ್ಡ್. ಬ್ರೂಕ್ಲಿನ್ ಕಡೆಯಿಂದ ಚೆಂಡು ಎಸೆಯುತ್ತಿದ್ದವನು ಇವನು, ಬಾಸ್ಟನ್ ಕಡೆಯಿಂದ ಜೋ ಎಶ್ಗರ್. ಒಂಬತ್ತು ಇನಿಂಗ್ಸ್‌ಗೆ ಮುಗಿಯಬೇಕಾದ ಬೇಸ್‌ಬಾಲ್ ಆಟ 26 ಇನಿಂಗ್ಸ್ ಎಳೆಯಿತು. ಐದನೇದರಲ್ಲಿ ಬ್ರೂಕ್ಲಿನ್‌ಗೆ ಒಂದು ರನ್, ಆರನೇದರಲ್ಲಿ ಬಾಸ್ಟನ್‌ಗೆ ಒಂದು, ಆಮೇಲೆ 20 ಇನಿಂಗ್ಸ್ ಬರೀ ಸೊನ್ನೆ. ಇಬ್ಬರನ್ನೂ ಯಾರೂ ಬದಲಾಯಿಸಲಿಲ್ಲ. ಕೊನೆಗೆ ಕಣ್ಣು ಕಾಣಿಸದಷ್ಟು ಕತ್ತಲಾಯಿತು ಅಂತ ಅಂಪೈರ್ ಆಟ ನಿಲ್ಲಿಸಿದ. ಅಮೆರಿಕದ ದೊಡ್ಡ ಲೀಗ್‌ನಲ್ಲಿ ರಾತ್ರಿ ಲೈಟ್ ಹಾಕಿ ಆಡೋಕೆ 1935 ಬರಬೇಕಾಯಿತು. ಇಷ್ಟೆಲ್ಲಾ ಆಗಿದ್ದು 3 ಗಂಟೆ 50 ನಿಮಿಷದಲ್ಲಿ.

ಇದನ್ನು ಆಫೀಸಿನಲ್ಲಿ ಹೇಳಿದರೆ ಬಂದ ಪ್ರಶ್ನೆ ಒಂದೇ. "ಕೊನೆಗೆ ಯಾರು ಗೆದ್ದರು?" ಯಾರೂ ಇಲ್ಲ, 1-1. "ಹಾಗಾದ್ರೆ ವೇಸ್ಟ್ ಅಲ್ವಾ ಸಾರ್?" ಇಂಥವರಿಗಾಗಿಯೇ 2020ರಲ್ಲಿ ಅಮೆರಿಕದವರು ಹೊಸ ರೂಲ್ ತಂದರು. ಹತ್ತನೇ ಇನಿಂಗ್ಸ್ ಶುರುವಾಗುವ ಮೊದಲೇ ಒಬ್ಬನನ್ನು ಸೆಕೆಂಡ್ ಬೇಸ್‌ನಲ್ಲಿ, ಅಂದರೆ ರನ್ನಿನ ಅರ್ಧ ದಾರಿಯಲ್ಲಿ, ಬಿಟ್ಟಿ ನಿಲ್ಲಿಸುತ್ತಾರೆ. ಹೊಡೆದಿಲ್ಲ, ಓಡಿಲ್ಲ, ಬಸ್ಸಿನ ಕಿಟಕಿಯಿಂದ ಕರ್ಚೀಫ್ ಹಾಕಿ ಸೀಟು ಹಿಡಿದವರ ಹಾಗೆ ಸುಮ್ನೆ ನಿಂತಿರುತ್ತಾನೆ. ಬೇಗ ಮುಗೀಲಿ ಅಂತ. ಮುಗಿಸಿ ಎಲ್ಲಿಗೆ ಹೋಗಬೇಕಿದೆ ಇವರಿಗೆ?

ಇರಲಿ. ಆ ಆಟದಲ್ಲಿ ನನ್ನನ್ನು ಕಾಡುವವನು ಕ್ಯಾಡೋರ್ ಅಲ್ಲ, ಬಾಸ್ಟನ್ನಿನ ಚಾರ್ಲಿ ಪಿಕ್. ಅವನು 11 ಸಲ ಬ್ಯಾಟ್ ಹಿಡಿದರೂ ಒಂದೂ ಹಿಟ್ ಇಲ್ಲ, ಅಂದರೆ ಚೆಂಡು ಹೊಡೆದು ಬೇಸ್ ತಲುಪಿದ್ದೇ ಇಲ್ಲ. ಅವನ ತಂಡದವರೆಲ್ಲ ಸೇರಿ 15 ಹಿಟ್ ಹೊಡೆದರು, ಅದರಲ್ಲಿ ಇವನದು ಇಲ್ಲ. ಮಾಮೂಲಿ ಆಟವಾಗಿದ್ದರೆ ನಾಲ್ಕೈದು ಸಲಕ್ಕೆ ಮುಗಿದು ಹೋಗುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆರನೇ ಸಲ ಬ್ಯಾಟ್ ಬದಲಾಯಿಸಿರುತ್ತಾನಾ? ಎಂಟನೇ ಸಲ ಪಕ್ಕದವನು "ಪರವಾಗಿಲ್ಲ ಬಿಡು" ಅಂದಿರುತ್ತಾನಾ? ಅದಕ್ಕಿಂತ ನಾಲ್ಕು ಬೈದರೇ ವಾಸಿ. ಹತ್ತನೇ ಸಲಕ್ಕೆ ಯಾರೂ ಇವನ ಮುಖ ನೋಡದೆ ಮೋಡ ನೋಡುತ್ತಾ ಕೂತಿರುತ್ತಾರೆ, ನನಗೆ ಗೊತ್ತು, ನಾನೂ ಎಂಟು ಸಲ ಡ್ರೈವಿಂಗ್ ಟೆಸ್ಟ್‌ಗೆ ಹೋದವನು. ಮಜಾ ಏನಂದರೆ ಒಂಬತ್ತನೇ ಇನಿಂಗ್ಸ್‌ನಲ್ಲಿ ಇವನ ಸರದಿ ಬಂದಾಗ ಮೂರೂ ಬೇಸ್‌ಗಳಲ್ಲಿ ಬಾಸ್ಟನ್‌ನವರು ನಿಂತಿದ್ದರು, ಔಟಾಗಿದ್ದವನು ಒಬ್ಬನೇ, ಒಂದು ಹಿಟ್ ಬಿದ್ದಿದ್ದರೆ ಆಟ ಅಲ್ಲಿಗೇ ಮುಗಿದು ಕ್ಯಾಡೋರ್ ಮಾರನೇ ದಿನ ಆರಾಮಾಗಿ ತಲೆ ಬಾಚಿಕೊಳ್ಳುತ್ತಿದ್ದ. ಪಿಕ್ ಹೊಡೆದ ಚೆಂಡು ಉರುಳಿಕೊಂಡು ಬ್ರೂಕ್ಲಿನ್‌ನ ಐವಿ ಓಲ್ಸನ್ ಕೈಗೆ ಹೋಯಿತು. ಒಂದೇ ಏಟಿಗೆ ಇಬ್ಬರು ಔಟ್.

ಇದೇ ಓಲ್ಸನ್ ಕತ್ತಲಾದ ಮೇಲೆ ಅಂಪೈರ್ ಹಿಂದೆ ಬಿದ್ದನಂತೆ. ಇನ್ನೊಂದೇ ಇನಿಂಗ್ಸ್ ಆಡಿಸಿ, 27 ಆದರೆ ಒಂದೇ ದಿನ ಮೂರು ಆಟ ಆಡಿದೆವು ಅಂತ ಹೇಳಿಕೊಳ್ಳಬಹುದು, ಅಂತ. ಕೈ ಬಿದ್ದುಹೋದವನು ಇವನಲ್ಲವಲ್ಲ! ಬ್ರೂಕ್ಲಿನ್‌ನವರು ಮರುದಿನ 13 ಇನಿಂಗ್ಸ್ ಆಡಿ ಸೋತರು, ಸೋಮವಾರ 19 ಆಡಿ ಸೋತರು. ಆ ವರ್ಷ ಲೀಗ್ ಗೆದ್ದವರೂ ಅವರೇ. ಇದರಿಂದ ಏನೋ ಒಂದು ಹೊಳೆದಿತ್ತು, ಬರೆಯೋಣ ಅಂತಲೇ ಕೂತೆ, ಭುಜದ ನೋವಿಗೆ ಮರೆತುಹೋಯಿತು.

"ಬೆಡ್‌ರೂಮಿಂದು ಒಂದೇ ರೀ, ಅದೊಂದು ಒರೆಸಿಬಿಡಿ" ಅಂತ ಒಳಗಿನಿಂದ ಕೂಗು.

"ಕತ್ತಲಾಯಿತು" ಅಂದೆ.

ಲೈಟ್ ಹಾಕಿದಳು.