ದೊಡ್ಡಮ್ಮನ ತಲೆಯಲ್ಲಿ ತೆಂಗಿನಮರ

ಧಾರೆಯ ಹೊತ್ತಿಗೆ ಸರಿಯಾಗಿ ನನ್ನ ಫೋನ್ ಕೈಕೊಟ್ಟಿತು. ವಾಲಗ ಜೋರಾಯಿತು, ಎಲ್ಲರೂ ಅಕ್ಷತೆ ಹಿಡಿದು ಎದ್ದು ನಿಂತರು, ನಾನು ಫೋನ್ ಎತ್ತಿದೆ. ‘ಸ್ಟೋರೇಜ್ ಫುಲ್’ ಅಂತ ಬಂತು. ಏನಾದರೂ ಅಳಿಸೋಣ ಅಂತ ಗಡಿಬಿಡಿಯಲ್ಲಿ ಒಳಗೆ ಹೋದರೆ ಒಂದರ ಹಿಂದೆ ಒಂದು ಹನ್ನೊಂದು ಫೋಟೋ, ಹನ್ನೊಂದೂ ಒಂದೇ ಹಲಸಿನ ಹಣ್ಣಿನದು. ಅದರಲ್ಲಿ ಯಾವುದನ್ನು ಇಟ್ಟುಕೊಳ್ಳುವುದು, ಯಾವುದನ್ನು ಬಿಡುವುದು ಅಂತ ಯೋಚಿಸುವಷ್ಟರಲ್ಲಿ ಧಾರೆ ಮುಗಿದು ಜನ ಊಟದ ಹಾಲಿಗೆ ಓಡುತ್ತಿದ್ದರು. ಕೊನೆಗೆ ಎರಡು ಹಲಸು ಅಳಿಸಿ, ಸಿಕ್ಕ ಜಾಗದಲ್ಲಿ ಹೋಳಿಗೆಯ ಫೋಟೋ ತೆಗೆದೆ. ಆ ಮದುವೆಯದು ಅಂತ ನನ್ನ ಹತ್ತಿರ ಇರುವುದು ಅದೊಂದೇ.

ಮುಂದಿನ ಭಾನುವಾರ ಉಡುಪಿಯಲ್ಲಿ ಮಳೆ ಹೇಗೆ ಸುರಿಯಿತೆಂದರೆ ಗೇಟಿನವರೆಗೆ ಹೋಗಲೂ ಮನಸ್ಸಾಗಲಿಲ್ಲ. ಡಿಸೈನ್ ಓದುತ್ತಿರುವ ಅಕ್ಕನ ಮಗಳು ಮನೆಗೆ ಬಂದಿದ್ದಳು. ಫೋಟೋ ಅಳಿಸಲು ಸಹಾಯ ಮಾಡು ಅಂದೆ. ಅವಳು ಫೋನನ್ನು ಟಿವಿಗೆ ಜೋಡಿಸಿಬಿಟ್ಟಳು.

“ಸುಮ್ನೆ ಡಿಲೀಟ್ ಮಾಡುದು ಬೇಡ ಮಾವ. ಒಂದೊಂದೇ ನೋಡುವ. ಯಾಕೆ ಹಾಳಾಯ್ತು ಅಂತ ಗೊತ್ತಾಗ್ತದೆ.”

“ಹಾಳಾಗಿದೆ ಅಂತ ಯಾರು ಹೇಳಿದ್ದು?”

ಅವಳು ಉತ್ತರ ಕೊಡಲಿಲ್ಲ. ಸಂಸ್ಕಾರ ಇರುವ ಹುಡುಗಿ.

ಮೊದಲು ಬಂದದ್ದು ಮಲ್ಪೆಯ ಸೂರ್ಯಾಸ್ತ. ಒಟ್ಟು ಎಪ್ಪತ್ತೆರಡು. ನಾನು ಹೆಮ್ಮೆಯಿಂದ ಸೋಫಾದಲ್ಲಿ ಒರಗಿದೆ. ಅವಳು ತಲೆಯನ್ನು ಎಡಕ್ಕೆ ವಾಲಿಸಿ ನೋಡಿದಳು. ಅದೇ ಆಗ ನನಗೂ ಕಂಡಿತು. ಅರಬ್ಬಿ ಸಮುದ್ರ ಪೂರ್ತಿ ಎಡಕ್ಕೆ ವಾಲಿತ್ತು. ಇನ್ನು ಸ್ವಲ್ಪ ಹೊತ್ತು ಬಿಟ್ಟರೆ ನೀರೆಲ್ಲ ಪಡುಕೆರೆಯ ಕಡೆಗೆ ಸುರಿದು ಮಲ್ಪೆ ಖಾಲಿಯಾಗುವ ಹಾಗೆ. ಎಪ್ಪತ್ತೆರಡರಲ್ಲೂ ಅಷ್ಟೇ. ಕಾಪುವಿನ ದೀಪಸ್ತಂಭದ್ದೂ ಅದೇ ಕಥೆ. ಪಾಪ, 1901ರಿಂದ ಬಂಡೆಯ ಮೇಲೆ ನೆಟ್ಟಗೆ ನಿಂತ ಸ್ತಂಭ, ನನ್ನ ಫೋನಿನಲ್ಲಿ ಮಾತ್ರ ಹಿಂದಕ್ಕೆ ಬೀಳಲು ಹೊರಟಿದೆ. ಬುಡದಲ್ಲಿ ನಿಂತು ಫೋನನ್ನು ಮೇಲಕ್ಕೆ ಎತ್ತಿದರೆ ಹಾಗೇ ಆಗುವುದಂತೆ. ಅಷ್ಟು ವರ್ಷದ ಬಿರುಗಾಳಿಗೆ ಅಲುಗದ್ದು ನನ್ನ ಕೈಗೆ ಸಿಕ್ಕಿ ಅಲುಗಿತು.

“ಗೆರೆ ಆನ್ ಮಾಡಿ ಮಾವ,” ಅಂತ ಅವಳೇ ಕ್ಯಾಮೆರಾದ ಸೆಟ್ಟಿಂಗಿಗೆ ಹೋಗಿ ಏನೋ ಒತ್ತಿದಳು. ಪರದೆಯ ಮೇಲೆ ಎರಡು ಅಡ್ಡಗೆರೆ, ಎರಡು ಉದ್ದಗೆರೆ ಮೂಡಿ ಒಂಬತ್ತು ಚೌಕವಾಯಿತು. ಕಡಲಂಚನ್ನು ಅಡ್ಡಗೆರೆಗೆ ಹೊಂದಿಸಿದರೆ ವಾಲುವುದಿಲ್ಲ. ನೋಡಬೇಕಾದ ವಸ್ತುವನ್ನು ಗೆರೆಗಳು ಕೂಡುವ ನಾಲ್ಕು ಜಾಗಗಳಲ್ಲಿ ಒಂದರ ಮೇಲೆ ಇಟ್ಟರೆ ಚಿತ್ರಕ್ಕೆ ಜೀವ ಬರುತ್ತದೆ. ಇದಕ್ಕೆ ರೂಲ್ ಆಫ್ ಥರ್ಡ್ಸ್ ಅಂತ ಹೆಸರು. 1797ರಲ್ಲಿ ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲಿಷ್ ಕಲಾವಿದ ಬರೆದಿಟ್ಟದ್ದು. ಆಗ ಕ್ಯಾಮೆರಾ ಇನ್ನೂ ಹುಟ್ಟಿರಲಿಲ್ಲ, ನಾನೂ ಹುಟ್ಟಿರಲಿಲ್ಲ, ಹಾಗಾಗಿ ಅವನಿಗೆ ಯಾವ ತೊಂದರೆಯೂ ಆಗಲಿಲ್ಲ.

ಮುಂದಿನದು ಬಂದಾಗ ಅಡುಗೆಮನೆಯಿಂದ ದೊಡ್ಡಮ್ಮನ ದನಿ ಕೇಳಿತು. “ಅದು ಉಂಟಾ ಇನ್ನೂ ನಿನ್ನ ಹತ್ರ?”

ಉಂಟು. ದೊಡ್ಡಮ್ಮನಿಗೆ ಎಂಬತ್ತು ತುಂಬಿದ ದಿನದ ಫೋಟೋ. ಅವತ್ತು ಅವರು ಮದುವೆಗೆ ಉಡುವ ಪಟ್ಟೆಸೀರೆ ಉಟ್ಟು, ಶಂಕರಪುರ ಮಲ್ಲಿಗೆ ಮುಡಿದು, ಅಂಗಳದಲ್ಲಿ ಕುರ್ಚಿ ಹಾಕಿ ಕುಳಿತಿದ್ದರು. ನಾನು ಅವರ ಮುಖವನ್ನೇ ನೋಡುತ್ತಾ ಫೋಟೋ ತೆಗೆದೆ. ಮುಖದ ನಗು ಚೆನ್ನಾಗಿದೆ. ಮಲ್ಲಿಗೆಯ ಒಂದೊಂದು ಮೊಗ್ಗೂ ಎಣಿಸುವ ಹಾಗೆ ಬಂದಿದೆ. ಆ ಮಲ್ಲಿಗೆಯ ಮೇಲಿಂದ, ಸರಿಯಾಗಿ ನೆತ್ತಿಯ ನಡುವಿನಿಂದ, ಒಂದು ತೆಂಗಿನಮರ ಎದ್ದು ನಿಂತಿದೆ. ಗರಿ, ಗೊನೆ, ಸಿಯಾಳ ಎಲ್ಲ ಸೇರಿ.

ಮರ ಇದ್ದದ್ದು ಇಪ್ಪತ್ತು ಮಾರು ಹಿಂದೆ, ಬಾವಿಕಟ್ಟೆಯ ಆಚೆ. ನಮಗೆ ಎರಡು ಕಣ್ಣು ಇರುವುದರಿಂದ ಯಾವುದು ಹತ್ತಿರ, ಯಾವುದು ದೂರ ಅಂತ ತಿಳಿಯುತ್ತದೆ. ಕ್ಯಾಮೆರಾಕ್ಕೆ ಒಂದೇ ಕಣ್ಣು. ಅದು ಹತ್ತಿರದ್ದನ್ನೂ ದೂರದ್ದನ್ನೂ ಒಂದೇ ಹಾಳೆಗೆ ಅಂಟಿಸಿಬಿಡುತ್ತದೆ. ಅದಕ್ಕಿಂತ ದೊಡ್ಡ ತಪ್ಪು ನನ್ನದು. ನನಗೆ ಬೇಕಾದದ್ದನ್ನು ಮಾತ್ರ ನಾನು ನೋಡಿದೆ. ಕ್ಯಾಮೆರಾ ಹಾಗಲ್ಲ. ಊರಿಗೆ ಹೊಸದಾಗಿ ಬಂದ ನೆಂಟರ ಹಾಗೆ, ಜಗಲಿಯಿಂದ ಹಿತ್ತಲಿನವರೆಗೆ ಏನೂ ಬಿಡದೆ ನೋಡುತ್ತದೆ.

ಆ ಫೋಟೋವನ್ನು ನಾನು ನೋಡದೆ ಮನೆಯವರ ಗುಂಪಿಗೆ ಹಾಕಿದ್ದೆ. ಬೊಂಬಾಯಿಯ ಚಿಕ್ಕಪ್ಪ ‘ಕಲ್ಪವೃಕ್ಷ’ ಅಂತ ಬರೆದರು. ಮತ್ಯಾರೋ ಸಿಯಾಳಕ್ಕೆ ರೇಟು ಕೇಳಿದರು. ದೊಡ್ಡಮ್ಮ ಎರಡು ದಿನ ನನಗೆ ಚಹಾ ಕೊಡಲಿಲ್ಲ.

“ಎರಡು ಹೆಜ್ಜೆ ಬಲಕ್ಕೆ ಹೋಗಿದ್ರೆ ಸಾಕಿತ್ತು,” ಅಂದಳು ಅಕ್ಕನ ಮಗಳು. ಎರಡೇ ಹೆಜ್ಜೆ ಮಾರಾಯ್ರೆ. ಅಷ್ಟಕ್ಕೆ ಎರಡು ದಿನದ ಚಹಾ ಹೋಯಿತು.

ಆಮೇಲೆ ಸೈಂಟ್ ಮೇರೀಸ್ ದ್ವೀಪ. ಇಲ್ಲಾದರೂ ಮರ್ಯಾದೆ ಉಳಿಯುತ್ತದೆ ಅಂದುಕೊಂಡೆ. ಯಾಕೆಂದರೆ ಅಲ್ಲಿ ಡಿಸೈನ್ ಮಾಡಬೇಕಾದ ಕೆಲಸವನ್ನೆಲ್ಲ ಲಾವಾ ಮೊದಲೇ ಮಾಡಿ ಮುಗಿಸಿದೆ. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಕಾಲಕ್ಕೆ ಉಕ್ಕಿದ ಲಾವಾ ತಣ್ಣಗಾಗುತ್ತಾ ಕುಗ್ಗಿ, ಬಿರಿದು, ಐದು ಮೂಲೆ ಆರು ಮೂಲೆಯ ಕಂಬಗಳಾಗಿ ನಿಂತಿದೆ. ಒಂದರ ಪಕ್ಕ ಒಂದು, ಜೋಡಿಸಿಟ್ಟ ಪೆನ್ಸಿಲ್‌ಗಳ ಹಾಗೆ. ಒಂದೇ ಆಕಾರ ಮತ್ತೆ ಮತ್ತೆ ಬಂದರೆ ಅದಕ್ಕೆ ಪ್ಯಾಟರ್ನ್ ಅನ್ನುತ್ತಾರೆ, ಕಣ್ಣಿಗೆ ಅದರಲ್ಲಿ ಒಂದು ತಾಳ ಸಿಗುತ್ತದೆ. ಇಷ್ಟು ನನಗೂ ಗೊತ್ತಿತ್ತು.

“ಮಾವ, ಆ ಕೆಂಪು ಎಂತದು?”

ನನ್ನ ಬೈರಾಸು, ಮೈ ಒರೆಸುವುದು. ಸ್ನಾನ ಮಾಡಿ ಬಂದು ಒಣಗಲಿ ಅಂತ ಒಂದು ಕಂಬದ ಮೇಲೆ ಹರಡಿದ್ದೆ, ತೆಗೆಯಲು ಮರೆತಿದ್ದೆ. ತಾಳಕ್ಕೆ ಸರಿಯಾಗಿ ಹೋಗುವುದನ್ನು ಕಣ್ಣು ಹಾಗೇ ದಾಟಿ ಹೋಗುತ್ತದಂತೆ. ತಾಳ ತಪ್ಪಿದ ಜಾಗದಲ್ಲಿ ಮಾತ್ರ ಗಕ್ಕನೆ ನಿಲ್ಲುತ್ತದೆ. ಹಾಗಾಗಿ ಈ ಫೋಟೋ ನೋಡುವವರು 8.8 ಕೋಟಿ ವರ್ಷವನ್ನು ಅರೆ ಸೆಕೆಂಡಿನಲ್ಲಿ ದಾಟಿ, ಕಳೆದ ವಿಷುವಿಗೆ ತಂದ ಬೈರಾಸಿನ ಮೇಲೆ ಹೋಗಿ ಕೂರುತ್ತಾರೆ. ಎಡಬದಿಯ ತೂತು ಸಹ ಸ್ಪಷ್ಟವಾಗಿ ಕಾಣುತ್ತದೆ.

ಮರವಂತೆಯದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ಉದ್ದಕ್ಕೆ ಹೆದ್ದಾರಿ. ಗೆರೆಗಳು ಕಣ್ಣನ್ನು ಕೈಹಿಡಿದು ಕರೆದುಕೊಂಡು ಹೋಗುತ್ತವೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ನನ್ನ ಫೋಟೋದಲ್ಲೂ ಕರೆದುಕೊಂಡು ಹೋಗುತ್ತವೆ, ನೀರು ಸೋರುತ್ತಿರುವ ಮೀನಿನ ಲಾರಿಯ ಹಿಂಬದಿಗೆ.

ಫ್ರೇಮಿಂಗ್, ಅಂದರೆ ಚಿತ್ರದೊಳಗೇ ಇರುವ ಒಂದು ಚೌಕಟ್ಟಿನ ಮೂಲಕ ತೋರಿಸುವ ವಿಷಯ ಬಂದಾಗ ಮಾತ್ರ ನಾನು ಸುಮ್ಮನಿರಲಿಲ್ಲ. “ಉಡುಪಿಯವನಿಗೆ ಫ್ರೇಮಿಂಗ್ ಹೇಳಿಕೊಡ್ತೀಯಾ? ಕನಕನ ಕಿಂಡಿ ಇರುವ ಊರು ಇದು. ಒಳಗೆ ನವಗ್ರಹ ಕಿಂಡಿಯಲ್ಲಿ ಎಷ್ಟು ತೂತು? ಒಂಬತ್ತು. ನಿನ್ನ ಗೆರೆಯಲ್ಲಿ ಎಷ್ಟು ಚೌಕ? ಒಂಬತ್ತು. ನಿನ್ನ ಸ್ಮಿತ್ ಬರುವ ಮೊದಲೇ ನಾವು ದೇವರನ್ನು ಹೀಗೇ ನೋಡುತ್ತಿದ್ದೆವು.” ಅವಳು ಒಂದು ಕ್ಷಣ ತಬ್ಬಿಬ್ಬಾದಳು. ಆ ಭಾನುವಾರ ನಾನು ಗೆದ್ದದ್ದು ಅದೊಂದೇ ಸಲ. ಹಾಗೆ ಗೆದ್ದ ಹುರುಪಿನಲ್ಲೇ, ಕಿಂಡಿಯ ತತ್ವದಂತೆ ನಾನು ತೆಗೆದ ಒಂದು ಫೋಟೋವನ್ನೂ ತೋರಿಸಿದೆ. ತೋರಿಸಬಾರದಿತ್ತು.

ಭಾವ ನಮ್ಮೂರ ಸೊಸೈಟಿಯ ಚುನಾವಣೆಗೆ ನಿಂತಿದ್ದಾಗ ಒಂದು ಗಂಭೀರವಾದ ಫೋಟೋ ಬೇಕು ಅಂದಿದ್ದರು. ಅವರನ್ನು ಅಂಗಳದಲ್ಲಿ ನಿಲ್ಲಿಸಿ ನಾನು ಒಳಗಿನಿಂದ, ಕಿಟಕಿಯ ಮೂಲಕ ತೆಗೆದೆ. ಫೋನಿನ ಫೋಕಸ್ ಹತ್ತಿರದ ಕಬ್ಬಿಣದ ಸರಳುಗಳಿಗೆ ಹೋಗಿ ಕಚ್ಚಿಕೊಂಡಿತು. ಸರಳಿನ ತುಕ್ಕು ಕೂಡ ಬಂದಿದೆ. ಹಿಂದೆ ಮಸುಕು ಮಸುಕಾಗಿ, ಬಿಳಿ ಅಂಗಿಯಲ್ಲಿ, ಗಂಭೀರವಾಗಿ ಭಾವ. ಒಂದು ಕೈಯಲ್ಲಿ ಸರಳು ಹಿಡಿದಿದ್ದಾರೆ. ಹಾಗೆ ಹಿಡಿಯಿರಿ ಅಂತ ಹೇಳಿದ್ದು ನಾನೇ.

“ಇದು ನನ್ನ ಅಪ್ಪ,” ಅಂದಳು ಅವಳು, ತುಂಬಾ ಹೊತ್ತಿನ ಮೇಲೆ.

ಚುನಾವಣೆಯಲ್ಲಿ ಅವರು ಸೋತದ್ದಕ್ಕೂ ಫೋಟೋಕ್ಕೂ ಸಂಬಂಧ ಇಲ್ಲ. ಅಕ್ಕ ಇದನ್ನು ಇವತ್ತಿಗೂ ಒಪ್ಪುವುದಿಲ್ಲ, ಅದು ಬೇರೆ ಮಾತು.

ಯಕ್ಷಗಾನದ ಆಟದ ಫೋಟೋಗಳ ಹೊತ್ತಿಗೆ ನಾನು ಧೈರ್ಯ ಪೂರ್ತಿ ಕಳೆದುಕೊಂಡಿದ್ದೆ. ರಾತ್ರಿಯ ಬೆಳಕು ಸಾಲದೆ ಫೋನಿನ ಶಟರ್ ನಿಧಾನ ಆಗುತ್ತದೆ. ಅದೇ ಹೊತ್ತಿಗೆ ವೇಷಧಾರಿ ದಿಗಿಣ ಹಾರುತ್ತಾರೆ. ಫೋಟೋದಲ್ಲಿ ವೇಷ ಇಲ್ಲ, ಕೆಂಪು ಹಳದಿ ಬಣ್ಣ ಕಲಸಿ ಎರಚಿದ ಹಾಗೆ ಒಂದು ಸುಳಿ, ಅದರ ಮುಂದೆ ಫ್ಲ್ಯಾಷಿಗೆ ಹೊಳೆಯುತ್ತಿರುವ, ಯಾರೋ ಹಿರಿಯರ ಬೋಳುತಲೆ. ಅಳಿಸು ಅಂದೆ. ಅವಳು ಅಳಿಸಲಿಲ್ಲ. “ಇದು ಲಾಯ್ಕುಂಟು ಮಾವ. ಚಲನೆ ಬಂದಿದೆ.” ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡೆ, ಇಲ್ಲ. ನಮ್ಮ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ತೆರೆದು ತೋರಿಸಿದಳು. ನಾಲ್ಕೈದು ಗೆರೆ ಅಷ್ಟೇ, ಮೂಗಿಲ್ಲ, ಕಣ್ಣಿಲ್ಲ, ಆದರೆ ಕುಣಿಯುವವರ ಕಾಲು ನೆಲದಿಂದ ಏಳುವುದು ಕಾಣುತ್ತದೆ. ನನಗೆ ಖುಷಿಯಾಯಿತು. ಹೆಬ್ಬಾರರು ಬೇಕೆಂದೇ ಬಿಟ್ಟದ್ದು ನನ್ನ ಫೋನಿನಲ್ಲಿ ತಾನಾಗಿ ಬಿಟ್ಟುಹೋಗಿದೆ ಅಂದ ಮೇಲೆ ಅರ್ಧ ದಾರಿ ಬಂದ ಹಾಗೇ ಅಲ್ವಾ? ಬೋಳುತಲೆಯನ್ನು ಮಾತ್ರ ಕತ್ತರಿಸಬೇಕು ಅಂದಳು. ಫೋಟೋದಿಂದ.

ಉಳಿದ ಒಂಬತ್ತು ಹಲಸನ್ನೂ ನೋಡಿದೆವು. ಹದಿನೆಂಟು ಕಿಲೋದ ಹಣ್ಣು ಅದು. ಪಕ್ಕದಲ್ಲಿ ಅಳತೆಗೆ ಏನೂ ಇಡದೆ ತೆಗೆದ ಕಾರಣ ಬೆಂಗಳೂರಿನ ಭಾವಮೈದುನ “ಹೆಬ್ಬಲಸಾ?” ಅಂತ, ಅಂದರೆ ಕಾಡಿನ ಆ ಪುಟ್ಟ ಹಲಸಾ ಅಂತ ಕೇಳಿದ್ದ. ಹಠಕ್ಕೆ ಬಿದ್ದು ನಾಯಿಯನ್ನು ಪಕ್ಕದಲ್ಲಿ ಕೂರಿಸಿ ಇನ್ನೊಂದು ತೆಗೆದೆ. ಅದರಲ್ಲಿ ಬಾಲ ಮಾತ್ರ ಉಂಟು.

ಆರು ಸಾವಿರ ಚಿಲ್ಲರೆ ಫೋಟೋದಲ್ಲಿ ಅವಳು ತಲೆಯಾಡಿಸಿ “ಇದು ಸರಿ ಉಂಟು” ಅಂದದ್ದು ಒಂದಕ್ಕೇ. ನಮ್ಮ ಮನೆಯ ಕರೆಂಟ್ ಮೀಟರಿನದು. ನೆಟ್ಟಗೆ ನಿಂತು, ಹತ್ತಿರ ಹೋಗಿ ತೆಗೆದದ್ದು. ಕಪ್ಪು ಅಂಕಿ, ಬೂದು ಹಿನ್ನೆಲೆ, ಬೇರೆ ಏನೂ ಇಲ್ಲ. “ಇಲ್ಲಿ ನಿಮಗೆ ಎಂತ ತೋರಿಸ್ಬೇಕು ಅಂತ ಗೊತ್ತಿತ್ತು,” ಅಂದಳು. ಹೌದು, ಆ ತಿಂಗಳು ಬಿಲ್ಲು ಜಾಸ್ತಿ ಬಂದಿತ್ತು.

ಸಂಜೆ ಮಳೆ ನಿಂತು ಬಿಸಿಲು ಬಂತು. ನೆನೆದ ಹಂಚು ಇನ್ನೂ ಕೆಂಪಾಗಿ, ಅಡಿಕೆ ತೋಟ ಇನ್ನೂ ಹಸಿರಾಗಿ ಕಾಣುತ್ತಿತ್ತು. ಬಣ್ಣದ ಚಕ್ರದಲ್ಲಿ ಕೆಂಪು ಹಸಿರು ಎದುರುಬದುರು ಕೂರುತ್ತವಂತೆ, ಅದಕ್ಕೇ ಅಕ್ಕಪಕ್ಕ ಬಂದರೆ ಒಂದನ್ನೊಂದು ಎಬ್ಬಿಸುತ್ತವೆ. 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಬಾಸೆಲ್ ಮಿಷನ್‌ನವರು ಇದನ್ನೆಲ್ಲ ಯೋಚಿಸಿರಲಿಕ್ಕಿಲ್ಲ. ಆದರೂ ಮಳೆಗಾಲದ ನಮ್ಮ ಊರಿಗೆ ಬಣ್ಣ ಆರಿಸಿ ಕೊಟ್ಟವರು ಅವರೇ.

ಇದೇ ಬೆಳಕಿನಲ್ಲಿ ದೊಡ್ಡಮ್ಮನ ಫೋಟೋ ಹೊಸದಾಗಿ ತೆಗೆಯುವುದು ಅಂತ ಆಯಿತು. ಅದೇ ಪಟ್ಟೆಸೀರೆ. ನಾನು ಗೆರೆ ನೋಡಿ, ಕುರ್ಚಿಯನ್ನು ಬಲಗಡೆಯ ಗೆರೆಗೆ ಸರಿಸಿದೆ.

“ನನ್ನನ್ನು ಯಾಕೆ ಬದಿಗೆ ಹಾಕಿದ್ದು?”

“ಬದಿ ಅಲ್ಲ ದೊಡ್ಡಮ್ಮ, ಮೂರನೇ ಒಂದು ಅಂತ ಒಂದು ನಿಯಮ ಉಂಟು.”

“ಮನೆಗೆ ದೊಡ್ಡವಳು ನಾನು. ಮೂರನೇ ಒಂದು ನಿನ್ನ ಚಿಕ್ಕಪ್ಪಂದಿರಿಗೆ ಕೊಡು, ಆಸ್ತಿಯಲ್ಲಿ.” ಆಮೇಲೆ ಪರದೆಯ ಎಡಬದಿಯನ್ನು ನೋಡಿ, “ಇಷ್ಟು ಜಾಗ ಖಾಲಿ ಯಾಕೆ? ಇನ್ನೂ ಇಬ್ಬರು ನಿಲ್ಲಬಹುದು ಅಲ್ಲಿ.”

ಆ ಖಾಲಿ ಜಾಗಕ್ಕೆ ನೆಗೆಟಿವ್ ಸ್ಪೇಸ್ ಅನ್ನುತ್ತಾರೆ, ಕಣ್ಣಿಗೆ ಉಸಿರಾಡಲು ಅದು ಬೇಕು ಅಂತ ಅಕ್ಕನ ಮಗಳು ವಿವರಿಸಲು ಹೋದಳು. ದೊಡ್ಡಮ್ಮ ಪೂರ್ತಿ ಕೇಳಿದರು. ಕೇಳಿ ಎದ್ದು, ಕುರ್ಚಿಯನ್ನು ತಾವೇ ಎಳೆದು ನಟ್ಟನಡುವೆ ಹಾಕಿಕೊಂಡರು. ಕೂರುವ ಮೊದಲು ಹಿಂದೆ ತಿರುಗಿ ತೆಂಗಿನಮರ ಎಲ್ಲಿದೆ ನೋಡಿದರು. ಎರಡು ಹೆಜ್ಜೆ ಬಲಕ್ಕೆ ಸರಿದರು. ಆಮೇಲೆ ಕೂತು, ಸೆರಗು ಸರಿ ಮಾಡಿ, ನಕ್ಕರು.

ನಾನು ಕಡಲಂಚು ನೆನೆದು ಫೋನ್ ನೇರ ಮಾಡಿದೆ. ಮರ ಇಲ್ಲ, ಸರಳಿಲ್ಲ, ಲಾರಿ ಇಲ್ಲ. ಒತ್ತಿದೆ.

ಟಿವಿಯಲ್ಲಿ ನೋಡಿದೆವು. ಮುಖ ಚೆನ್ನಾಗಿ ಬಂದಿದೆ. ಹಿಂದೆ ಹಸಿರು ತೋಟ. ಆ ಹಸಿರಿನ ಮೇಲೆ, ದೊಡ್ಡಮ್ಮನ ಎಡಗಿವಿಯ ಪಕ್ಕದಲ್ಲಿ, ತಂತಿಗೆ ಹಾಕಿದ ನನ್ನ ಕೆಂಪು ಬೈರಾಸು.

ಯಾರೂ ಮಾತಾಡಲಿಲ್ಲ. ದೊಡ್ಡಮ್ಮ ಕನ್ನಡಕ ಏರಿಸಿ ಹತ್ತಿರ ಹೋಗಿ ನೋಡಿದರು.

“ತೂತು ಬಿದ್ದಿದೆ ಅದು. ಹೊಸತು ತಗೊಳ್ಳೋ,” ಅಂದು ಚಹಾ ಇಡಲು ಹೋದರು.